ವಿಕೆಟ್ ಅಗ್ಗ, ಚೆಂಡು ದುಬಾರಿ

2024ರ ಮೇ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಓವರ್ ಶುರುವಾಗುವಾಗ ಚೆನ್ನೈ ಸೂಪರ್ ಕಿಂಗ್ಸ್ ಗೆಲ್ಲಲು 35 ರನ್ ಬೇಕಿತ್ತು. ಆರು ಎಸೆತಕ್ಕೆ 35 ಅಂದರೆ ಪಂದ್ಯ ಮುಗಿದ ಹಾಗೆಯೇ. ಆದರೂ ಗ್ಯಾಲರಿಗೆ ಗ್ಯಾಲರಿಯೇ ಎದ್ದು ನಿಂತಿತ್ತು. ಯಾಕೆಂದರೆ ಅವತ್ತು ಗುರಿಯ ಒಳಗೆ ಇನ್ನೊಂದು ಗುರಿ ಇತ್ತು. ಮೊದಲು ಆಡಿದ ಆರ್‌ಸಿಬಿ 218 ಹೊಡೆದಿತ್ತು. ಪ್ಲೇಆಫ್‌ಗೆ ಹೋಗಬೇಕಾದರೆ ಅದು ಬರೀ ಗೆದ್ದರೆ ಸಾಲದು, ಕನಿಷ್ಠ 18 ರನ್ ಅಂತರದಲ್ಲಿ ಗೆಲ್ಲಬೇಕು. ಚೆನ್ನೈ 201 ಮುಟ್ಟಿತೋ, ಸೋತೂ ಮುಂದೆ ಹೋಗುತ್ತದೆ. ಆರ್‌ಸಿಬಿ ಗೆದ್ದೂ ಮನೆಗೆ. ಆ ಲೆಕ್ಕದಲ್ಲಿ ಬೇಕಿದ್ದದ್ದು 35 ಅಲ್ಲ, 17. ಕ್ರೀಸಿನಲ್ಲಿ ಧೋನಿ ಮತ್ತು ಜಡೇಜ.

ಚೆಂಡು ಯಶ್ ದಯಾಳ್ ಕೈಯಲ್ಲಿತ್ತು. ಹಿಂದಿನ ವರ್ಷ ಅಹಮದಾಬಾದ್‌ನಲ್ಲಿ ಇದೇ ದಯಾಳ್ ಎಸೆದ ಕೊನೆಯ ಓವರಿನಲ್ಲಿ ರಿಂಕು ಸಿಂಗ್ ಸಾಲಾಗಿ ಐದು ಸಿಕ್ಸರ್ ಬಾರಿಸಿ ಪಂದ್ಯ ಕಸಿದುಕೊಂಡಿದ್ದರು. ಮೊದಲ ಎಸೆತವನ್ನೇ ಧೋನಿ ಎತ್ತಿ ಬಾರಿಸಿದರು. ಚೆಂಡು ಛಾವಣಿ ದಾಟಿ 110 ಮೀಟರ್ ಆಚೆ ಕ್ರೀಡಾಂಗಣದ ಹೊರಗೇ ಹೋಯಿತು. ಇನ್ನು ಐದು ಎಸೆತ, 11 ರನ್. ಮಳೆ ಬಿದ್ದ ರಾತ್ರಿ, ಒದ್ದೆಯಾಗಿದ್ದ ಚೆಂಡು ಕಳೆದುಹೋಗಿ ಒಣ ಚೆಂಡು ಬಂತು. ದಯಾಳ್ ವೇಗ ಕಡಿಮೆ ಮಾಡಿ ಎಸೆದರು, ಧೋನಿ ಮತ್ತೆ ಎತ್ತಿದರು, ಬೌಂಡರಿ ಬಳಿ ಕ್ಯಾಚ್. ಉಳಿದ ನಾಲ್ಕು ಎಸೆತಕ್ಕೆ ಬಂದದ್ದು ಒಂದೇ ರನ್. ಕೊನೆಯ ಎರಡನ್ನು ಜಡೇಜ ಬೀಸಿದರು, ಬ್ಯಾಟಿಗೆ ಸಿಗಲಿಲ್ಲ. ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತು ಎಲ್ಲರ ನಗೆಪಾಟಲಿಗೆ ಗುರಿಯಾಗಿದ್ದ ತಂಡ ಸಾಲಾಗಿ ಆರನೆಯದನ್ನು ಗೆದ್ದು ಪ್ಲೇಆಫ್ ಸೇರಿತು. ನಾಲ್ಕು ದಿನ ಬಿಟ್ಟು ರಾಜಸ್ಥಾನದ ಎದುರು ಸೋತು ಹೊರಬಿದ್ದದ್ದು ಬೇರೆ ಮಾತು. ಅವತ್ತು ರಾತ್ರಿ ಎಂ.ಜಿ. ರಸ್ತೆಯಲ್ಲಿ ಕುಣಿದವರಿಗೆ ಅದರ ಯೋಚನೆ ಎಲ್ಲಿಂದ ಬರಬೇಕು?

ಆ ಓವರಿನಲ್ಲಿ ಜನರ ಉಸಿರು ಹಿಡಿದದ್ದು ಧೋನಿಯ ಸಿಕ್ಸರೋ, ಆಮೇಲೆ ಬಂದ ಖಾಲಿ ಎಸೆತಗಳೋ? ನನ್ನ ಉತ್ತರ ಎರಡನೆಯದು. ಟಿ20 ಅಂದರೆ ಸಿಕ್ಸರ್ ಮಳೆ ಎಂದು ಜಾಹೀರಾತಿನವರು ಹೇಳುತ್ತಾರೆ, ನಾವೂ ನಂಬಿದ್ದೇವೆ. ಆದರೆ ಈ ಆಟ ಜನರನ್ನು ಹಿಡಿದಿಟ್ಟಿರುವ ಗುಟ್ಟು ಬೇರೆ. ಅದು ಒಂದು ಸಣ್ಣ ಭಾಗಾಕಾರದಲ್ಲಿದೆ.

ಏಕದಿನ ಪಂದ್ಯದಲ್ಲಿ ಒಂದು ತಂಡಕ್ಕೆ 300 ಎಸೆತ, ಹತ್ತು ವಿಕೆಟ್. ಒಂದು ವಿಕೆಟ್ಟಿನ ಪಾಲಿಗೆ 30 ಎಸೆತ. ಟಿ20ಯಲ್ಲಿ ಎಸೆತ 120ಕ್ಕೆ ಇಳಿಯಿತು, ವಿಕೆಟ್ ಮಾತ್ರ ಹತ್ತೇ ಉಳಿಯಿತು. ಈಗ ಒಂದು ವಿಕೆಟ್ಟಿನ ಪಾಲಿಗೆ ಬರೀ 12 ಎಸೆತ. ಟೆಸ್ಟ್ ಪಂದ್ಯದಲ್ಲಂತೂ ಐದು ದಿನದ ಕಾಲ ಕೈಯಲ್ಲಿರುತ್ತದೆ, ಕೊರತೆಯಿರುವುದು ವಿಕೆಟ್ಟಿಗೆ. ಅದಕ್ಕೇ ಅಲ್ಲಿ ವಿಕೆಟ್ ಕಾಯ್ದುಕೊಳ್ಳುವವನು ದೊಡ್ಡವನು. ಇಲ್ಲಿ ಲೆಕ್ಕ ತಿರುಗಾಮುರುಗ. ವಿಕೆಟ್ ಅಗ್ಗವಾಯಿತು, ಚೆಂಡು ದುಬಾರಿಯಾಯಿತು. ಒಬ್ಬ 2 ಎಸೆತಕ್ಕೆ ಸೊನ್ನೆಗೆ ಔಟಾದರೆ ತಂಡಕ್ಕೆ ಆಗುವ ನಷ್ಟಕ್ಕಿಂತ, ಇನ್ನೊಬ್ಬ 20 ಎಸೆತ ತಿಂದು 12 ರನ್ ಮಾಡಿ ಔಟಾಗದೆ ನಿಂತರೆ ಆಗುವ ನಷ್ಟವೇ ಹೆಚ್ಚು. 160 ರನ್ ಗುರಿ ಇದ್ದರೆ ಪ್ರತಿ ಎಸೆತದ ಬೆಲೆ ಒಂದೂಕಾಲು ರನ್ನಿಗೂ ಮೇಲೆ. ಬ್ಯಾಟಿಗೆ ಸಿಗದೆ ಕೀಪರ್ ಕೈಸೇರಿದ ಒಂದೊಂದು ಚೆಂಡೂ ಅಷ್ಟು ಸಾಲ ಹೊರಿಸಿ ಹೋಗುತ್ತದೆ.

ವಿಕೆಟ್ ಎಷ್ಟು ಅಗ್ಗವಾಯಿತೆಂದರೆ, ಅದನ್ನು ತಾವಾಗಿಯೇ ಬಿಟ್ಟುಕೊಡುವವರೂ ಬಂದರು. 2022ರ ಏಪ್ರಿಲ್‌ನಲ್ಲಿ ಲಖನೌ ಎದುರು ರಾಜಸ್ಥಾನದ ಆರ್. ಅಶ್ವಿನ್ 28 ರನ್ ಮಾಡಿ ಆಡುತ್ತಿದ್ದವರು, ಇನ್ನಷ್ಟು ಜೋರಾಗಿ ಬಾರಿಸಬಲ್ಲ ರಿಯಾನ್ ಪರಾಗ್ ಬರಲಿ ಎಂದು ‘ರಿಟೈರ್ಡ್ ಔಟ್’ ಆಗಿ ಹೊರನಡೆದರು. ಐಪಿಎಲ್‌ನಲ್ಲಿ ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು. ರಾಜಸ್ಥಾನ ಆ ಪಂದ್ಯವನ್ನು ಗೆದ್ದದ್ದು ಮೂರೇ ರನ್‌ನಿಂದ. ಸುನಿಲ್ ಗಾವಸ್ಕರ್ ಕಾಲದ ಬ್ಯಾಟ್ಸ್‌ಮನ್ ಒಬ್ಬನಿಗೆ ಇದನ್ನು ವಿವರಿಸಲು ಹೊರಟರೆ ಮೊದಲು ನಮ್ಮ ಆರೋಗ್ಯ ವಿಚಾರಿಸಿಯಾನು.

ಈ ಲೆಕ್ಕ ಇಂಗ್ಲೆಂಡಿನಲ್ಲಿ ಹುಟ್ಟಿದ್ದು ಆಟದ ಮೇಲಿನ ಪ್ರೀತಿಗಿಂತ ಖಾಲಿ ಕುರ್ಚಿಗಳ ಚಿಂತೆಯಿಂದ. ಕೌಂಟಿ ಪಂದ್ಯಗಳಿಗೆ ಜನ ಬರುತ್ತಿರಲಿಲ್ಲ. ಇಂಗ್ಲೆಂಡ್ ಮಂಡಳಿಯ ಮಾರುಕಟ್ಟೆ ವಿಭಾಗದಲ್ಲಿದ್ದ ಸ್ಟುವರ್ಟ್ ರಾಬರ್ಟ್‌ಸನ್, ಕೆಲಸ ಮುಗಿಸಿದ ಮೇಲೆ ಸಂಜೆ ನೋಡಿ ಮುಗಿಸಬಹುದಾದ ಆಟವೊಂದನ್ನು ಮುಂದಿಟ್ಟರು. ಕೌಂಟಿಗಳ ಮತದಾನದಲ್ಲಿ 11–7ರಿಂದ ಅದು ಪಾಸಾಯಿತು. ಎರಡು ಮತ ಅತ್ತ ಸರಿದಿದ್ದರೆ ಇವತ್ತು ನಾವು ಇಷ್ಟು ಮಾತಾಡುವ ಪ್ರಮೇಯವೇ ಬರುತ್ತಿರಲಿಲ್ಲ. 2003ರ ಜೂನ್ 13ರಂದು ಮೊದಲ ಪಂದ್ಯಗಳು ನಡೆದವು. ಮೊದಲ ಅಂತರರಾಷ್ಟ್ರೀಯ ಟಿ20 ಆಡಿದವರು ಗಂಡಸರಲ್ಲ, ಹೆಣ್ಣುಮಕ್ಕಳು. 2004ರ ಆಗಸ್ಟ್‌ನಲ್ಲಿ ಹೋವ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ಮಹಿಳೆಯರು. ಮರುವರ್ಷ ಆಕ್ಲೆಂಡ್‌ನಲ್ಲಿ ಪುರುಷರು ಆಡಿದಾಗ ನ್ಯೂಜಿಲೆಂಡ್ ಆಟಗಾರರು ಎಂಬತ್ತರ ದಶಕದ ಬಟ್ಟೆ ತೊಟ್ಟು ಬಂದಿದ್ದರು. ಗ್ಲೆನ್ ಮೆಕ್‌ಗ್ರಾ ತಮಾಷೆಗೆ ಅಂಡರ್‌ಆರ್ಮ್ ಎಸೆಯಲು ಹೊರಟಾಗ ಅಂಪೈರ್ ಬಿಲ್ಲಿ ಬೌಡನ್ ಫುಟ್‌ಬಾಲಿನ ಕೆಂಪು ಕಾರ್ಡ್ ತೋರಿಸಿದರು. ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮವರೂ ಮೂಗು ಮುರಿದವರೇ. 2007ರ ಟಿ20 ವಿಶ್ವಕಪ್‌ಗೆ ಹೋಗುವ ಮುನ್ನ ಭಾರತ ಆಡಿದ್ದು ಒಂದೇ ಒಂದು ಅಂತರರಾಷ್ಟ್ರೀಯ ಟಿ20. ಸಚಿನ್, ಗಂಗೂಲಿ, ದ್ರಾವಿಡ್ ಮೂವರೂ ಹಿಂದೆ ಸರಿದು ಹುಡುಗರಿಗೆ ಬಿಟ್ಟುಕೊಟ್ಟರು. ಡರ್ಬನ್‌ನಲ್ಲಿ ಪಾಕಿಸ್ತಾನದ ಜೊತೆ ಪಂದ್ಯ ಸಮವಾಗಿ ಬೌಲ್‌ಔಟ್‌ಗೆ ಹೋದಾಗ ಭಾರತ ಆರಿಸಿಕೊಂಡ ಮೂವರಲ್ಲಿ ಕೊಡಗಿನ ರಾಬಿನ್ ಉತ್ತಪ್ಪ ಒಬ್ಬರು. ಬೌಲರೇ ಅಲ್ಲದ ಅವರು ನೇರ ಸ್ಟಂಪ್‌ಗೆ ಹೊಡೆದರು. ಆ ತಂಡಕ್ಕೆ ಬೌಲಿಂಗ್ ಹೇಳಿಕೊಡುತ್ತಿದ್ದವರು ನಮ್ಮ ವೆಂಕಟೇಶ್ ಪ್ರಸಾದ್. ಸೆಪ್ಟೆಂಬರ್ 24ರಂದು ಜೊಹಾನೆಸ್‌ಬರ್ಗ್‌ನಲ್ಲಿ ಐದು ರನ್‌ಗಳಿಂದ ಕಪ್ ಗೆದ್ದರು. ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು ₹48,390 ಕೋಟಿಗೆ ಹೋಗಿದೆ.

ಈ ಹೊಸ ಲೆಕ್ಕವನ್ನು ಕನ್ನಡಿಗರಷ್ಟು ಅವಮಾನಪಟ್ಟು ಕಲಿತವರು ಇನ್ನೊಬ್ಬರಿಲ್ಲ. ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದದ್ದೇ ಬೆಂಗಳೂರಿನಲ್ಲಿ, 2008ರ ಏಪ್ರಿಲ್ 18ರಂದು. ಕೋಲ್ಕತ್ತದ ಬ್ರೆಂಡನ್ ಮೆಕಲಂ 73 ಎಸೆತಕ್ಕೆ ಔಟಾಗದೆ 158 ಹೊಡೆದರು. ಉತ್ತರವಾಗಿ ದ್ರಾವಿಡ್ ನಾಯಕತ್ವದ ಆರ್‌ಸಿಬಿ 82ಕ್ಕೆ ಗಂಟುಮೂಟೆ ಕಟ್ಟಿತು. ಆ ಇನಿಂಗ್ಸ್‌ನ ಅತಿ ಹೆಚ್ಚು ಗಳಿಕೆ ಯಾರದು ಗೊತ್ತೇ? ಇತರೆ ರನ್, 19! ದ್ರಾವಿಡ್, ಕಾಲಿಸ್, ಜಾಫರ್ ಇದ್ದ ತಂಡವನ್ನು ಜನ ‘ಟೆಸ್ಟ್ ಟೀಮ್’ ಎಂದು ಆಡಿಕೊಂಡರು.

ಸರಿಯಾಗಿ ಒಂದು ವರ್ಷ ಬಿಟ್ಟು, 2009ರ ಏಪ್ರಿಲ್ 18ರಂದು ಕೇಪ್‌ಟೌನ್‌ನಲ್ಲಿ ಅದೇ ‘ಟೆಸ್ಟ್’ನವರು ತಿರುಗಿಬಿದ್ದರು. ಕಷ್ಟದ ಪಿಚ್‌ನಲ್ಲಿ ದ್ರಾವಿಡ್ 66 ಹೊಡೆದರು, ತಂಡ 133 ಮಾಡಿತು. ಆಮೇಲೆ ಅನಿಲ್ ಕುಂಬ್ಳೆ 5 ರನ್ ಕೊಟ್ಟು 5 ವಿಕೆಟ್ ಕಿತ್ತರು. ಹಿಂದಿನ ವರ್ಷದ ಚಾಂಪಿಯನ್ ರಾಜಸ್ಥಾನ 58ಕ್ಕೆ ಆಲೌಟ್. ಸ್ಪಿನ್ನರ್‌ಗಳಿಗೆ ಈ ಆಟದಲ್ಲಿ ಉಳಿಗಾಲವಿಲ್ಲ ಎಂದು ಶುರುವಿನಲ್ಲಿ ಪಂಡಿತರು ಷರಾ ಬರೆದಿದ್ದರು. ಆದದ್ದು ಉಲ್ಟಾ. ಪ್ರತಿ ಎಸೆತವನ್ನೂ ಬಾರಿಸಲೇಬೇಕು ಎಂಬ ಒತ್ತಡ ಇರುವವನ ಎದುರು ವೇಗವಿಲ್ಲದ, ತಿರುಗುವ ಚೆಂಡಿಗಿಂತ ದೊಡ್ಡ ಅಸ್ತ್ರವಿಲ್ಲ. ದೂರ ಹೋಗಲು ಬೇಕಾದ ವೇಗವನ್ನೆಲ್ಲ ಅವನೇ ತನ್ನ ತೋಳಿನಿಂದ ತರಬೇಕು. ದಯಾಳ್ ಧೋನಿಗೆ ಮಾಡಿದ್ದೂ ಇದನ್ನೇ.

ನೋಡುವವರಿಗೆ ಇದರಿಂದ ಸಿಕ್ಕ ಅನುಕೂಲ ಒಂದಿದೆ. ಟೆಸ್ಟ್ ಪಂದ್ಯದ ನಾಲ್ಕನೇ ದಿನ ಚಹಾ ವಿರಾಮದ ಹೊತ್ತಿಗೆ ಯಾರ ಕೈ ಮೇಲಾಗಿದೆ ಎಂದು ಹೇಳಲು ಪಿಚ್ ಒಡೆದಿರುವುದು, ಚೆಂಡು ಹಳತಾಗಿರುವುದು, ನಾಳೆಯ ಹವಾಮಾನ ಎಲ್ಲ ಗೊತ್ತಿರಬೇಕು. ಟಿ20ಯಲ್ಲಿ ಪರದೆಯ ಮೂಲೆಯ ಒಂದು ಸಾಲು ಸಾಕು: 24 ಎಸೆತ, 42 ರನ್. ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದು ಇಣುಕಿದವರಿಗೂ ಕಥೆ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ. ಏಳೂವರೆಗೆ ಶುರು, ಹನ್ನೊಂದರ ಸುಮಾರಿಗೆ ಮುಗಿತಾಯ. ಹಾಲ್‌ನಲ್ಲಿ ಧಾರಾವಾಹಿ ನೋಡುತ್ತಿದ್ದ ಅಜ್ಜಿಯೂ ಈಗ ‘ಇನ್ನೆಷ್ಟು ಬಾಲ್ ಉಂಟು?’ ಎಂದು ಕೇಳುತ್ತಾರೆ. ಅದರ ಮೇಲೆ ವಿಜಯ್ ಭಾರದ್ವಾಜ್‌ರಂಥ ನಮ್ಮದೇ ಹಳೆಯ ಆಟಗಾರರು ಕನ್ನಡದಲ್ಲಿ ವೀಕ್ಷಕ ವಿವರಣೆ ಕೊಡುತ್ತಾರೆ. ಒಂದು ಕಾಲಕ್ಕೆ ಇಂಗ್ಲಿಷ್ ಬಲ್ಲವರು ಬಾಯಿಬಿಟ್ಟು ಅನುವಾದಿಸಿದರಷ್ಟೇ ತಿಳಿಯುತ್ತಿದ್ದ ಸೂಕ್ಷ್ಮಗಳು ಈಗ ಮನೆಮಂದಿಗೆಲ್ಲ ನೇರವಾಗಿ ಸಿಗುತ್ತಿವೆ.

ಟಿ20 ಬಂದು ನಮಗೆ ಚುಟುಕು ಕ್ರಿಕೆಟ್ ಕಲಿಸಿತು ಅನ್ನುವವರನ್ನು ಡಿಸೆಂಬರ್‌ನಿಂದ ಮೇ ನಡುವೆ ಒಮ್ಮೆ ಉಡುಪಿ, ಕುಂದಾಪುರದ ಕಡೆ ಕರೆದುಕೊಂಡು ಹೋಗಬೇಕು. ಕೊಯ್ಲು ಮುಗಿದ ಗದ್ದೆಯನ್ನೋ ಶಾಲೆಯ ಮೈದಾನವನ್ನೋ ಸಮ ಮಾಡಿ, ನಾಲ್ಕು ಮೂಲೆಗೆ ಕಂಬ ನೆಟ್ಟು ದೀಪ ಕಟ್ಟಿರುತ್ತಾರೆ. ಪೇಟೆಯ ಸರ್ಕಲ್ಲಿನಲ್ಲಿ ಫ್ಲೆಕ್ಸ್: ‘ಹೊನಲು ಬೆಳಕಿನ ಟೆನಿಸ್ ಬಾಲ್ ಕ್ರಿಕೆಟ್ ಪಂದ್ಯಾಟ’. ಕೆಳಗೆ ಪ್ರಥಮ, ದ್ವಿತೀಯ ಬಹುಮಾನದ ಮೊತ್ತ, ಪ್ರವೇಶ ಶುಲ್ಕ, ಉತ್ತಮ ದಾಂಡಿಗ, ಉತ್ತಮ ಎಸೆತಗಾರ, ಸರಣಿ ಶ್ರೇಷ್ಠ. ಒಂದು ಇನಿಂಗ್ಸ್‌ಗೆ ಆರೋ ಎಂಟೋ ಓವರ್, ಯಾಕೆಂದರೆ ಬಂದಿರುವ ತಂಡಗಳೆಲ್ಲ ಬೆಳಗಾಗುವುದರೊಳಗೆ ಆಡಿ ಮುಗಿಸಬೇಕು. ಶಾಮಿಯಾನದ ಕೆಳಗೆ ಮೈಕು ಹಿಡಿದವನು ಕನ್ನಡ, ತುಳು, ಕುಂದಗನ್ನಡ ಕಲಸಿ ವಿವರಣೆ ಕೊಡುತ್ತಾ, ನಡುವೆ ಬಹುಮಾನ ಕೊಟ್ಟ ದಾನಿಗಳ ಹೆಸರನ್ನೂ ಓದುತ್ತಾ, ಒಂದು ಎಸೆತವನ್ನೂ ತಪ್ಪಿಸುವುದಿಲ್ಲ. ಚರುಮುರಿ ಅಂಗಡಿಯವನೂ ಸ್ಕೋರ್ ಹೇಳಬಲ್ಲ. ಹಗುರವಾದ ಚೆಂಡು ಬ್ಯಾಟಿನ ಮೇಲೆ ಸರಿಯಾಗಿ ಕೂರದಿದ್ದರೆ ದೂರ ಹೋಗುವುದಿಲ್ಲವಾದ್ದರಿಂದ ಇಲ್ಲಿನ ಬ್ಯಾಟ್ಸ್‌ಮನ್‌ಗಳ ಬೀಸು ದೊಡ್ಡದು. ಬೌಲರ್‌ಗಳು ಕಾಲ್ಬೆರಳಿಗೇ ಗುರಿಯಿಟ್ಟು ಎಸೆಯುವುದರಲ್ಲಿ ನಿಸ್ಸೀಮರು. ಯಾರ್ಕರ್, ನಿಧಾನದ ಚೆಂಡು, ಮೊದಲ ಎಸೆತದಿಂದಲೇ ಬಾರಿಸುವುದು ಎಲ್ಲ ಇಲ್ಲಿ ಹಳೆಯ ಸರಕು. ಇನ್ನು ಗಲ್ಲಿಯ ಮಕ್ಕಳು ‘ಒನ್ ಪಿಚ್ ಔಟ್, ಕಾಂಪೌಂಡ್ ಆಚೆ ಹೋದ್ರೂ ಔಟ್’ ಎಂದು ಮನೆಗೊಂದು ನಿಯಮ ಕಟ್ಟಿ ಆಡಿದ ಆಟವಂತೂ ಯಾವ ರಾಬರ್ಟ್‌ಸನ್‌ಗೂ ಕಾದಿರಲಿಲ್ಲ. ಟಿವಿ ಇದನ್ನು ಕಂಡುಹಿಡಿಯಲಿಲ್ಲ, ತಡವಾಗಿ ಬಂದು ಸೇರಿಕೊಂಡಿತು ಅಷ್ಟೇ.

ಆದರೆ ಊರ ಮೈದಾನದಲ್ಲಿ ಇಲ್ಲದ್ದೊಂದನ್ನು ಐಪಿಎಲ್ ಕೊಟ್ಟಿತು. ವರ್ಷವಿಡೀ ಹೊತ್ತು ತಿರುಗಬಹುದಾದ ತಂಡ. ರಣಜಿ ಟ್ರೋಫಿಯನ್ನು ಎಂಟು ಸಲ ಗೆದ್ದ ರಾಜ್ಯ ನಮ್ಮದು, ಆ ಪಂದ್ಯಗಳಿಗೆ ಬರುವವರು ಕೆಲವೇ ಮಂದಿ. ಹದಿನೇಳು ವರ್ಷ ಒಂದು ಕಪ್ಪನ್ನೂ ಗೆಲ್ಲದ ಆರ್‌ಸಿಬಿಗೆ ಮಾತ್ರ ಟಿಕೆಟ್ ಸಿಗುವುದಿಲ್ಲ. ದಕ್ಷಿಣ ಆಫ್ರಿಕಾದ ಡಿವಿಲಿಯರ್ಸ್‌ನನ್ನು ಇಲ್ಲಿಯವರು ‘ಆಪದ್ಬಾಂಧವ’ ಮಾಡಿಕೊಂಡರು. ‘ಈ ಸಲ ಕಪ್ ನಮ್ದೇ’ ಎಂಬ ಮಾತನ್ನು ಪ್ರತಿ ಮಾರ್ಚ್‌ನಲ್ಲಿ ಹೇಳಿ, ಪ್ರತಿ ಮೇನಲ್ಲಿ ತಮ್ಮ ಮೇಲೆ ತಾವೇ ಜೋಕು ಮಾಡಿಕೊಂಡರು. ಸೋಲನ್ನು ಹೀಗೆ ನಗುತ್ತಾ ಹೊತ್ತ ಅಭಿಮಾನಿ ಬಳಗ ಬೇರೆ ಕಡೆ ಕಡಿಮೆ. ಆ ಕಪ್ಪನ್ನು ಮೊದಲು ತಂದದ್ದು ಹೆಣ್ಣುಮಕ್ಕಳು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಮಹಿಳಾ ಲೀಗ್‌ನ ಫೈನಲ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ 12 ರನ್‌ಗೆ 4 ವಿಕೆಟ್ ಪಡೆದರು, ಎದುರಾಳಿ 113ಕ್ಕೆ ಆಲೌಟ್ ಆಯಿತು. ಗಂಡಸರು ಗೆದ್ದದ್ದು 2025ರ ಜೂನ್ 3ರಂದು, ಪಂಜಾಬ್ ವಿರುದ್ಧ, ಆರು ರನ್‌ಗಳಿಂದ. 2009ರಲ್ಲಿ ಕುಂಬ್ಳೆ ನಾಯಕತ್ವದಲ್ಲಿ ಮೊದಲ ಫೈನಲ್ ಸೋತದ್ದೂ ಆರೇ ರನ್‌ಗಳಿಂದ.

2025ರ ಆ ಗೆಲುವಿನ ಮಾರನೆಯ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಯಿತು. ಕಪ್ ನೋಡಲು ಬಂದ 11 ಮಂದಿ ಸತ್ತರು. ಅಭಿಮಾನ ಅತಿಯಾಯಿತು ಎಂದು ಸತ್ತವರ ಮೇಲೆ ಹೊರೆ ಹಾಕುವ ಮಾತುಗಳನ್ನು ಆಗ ಕೇಳಿದೆವು. ಅದು ಅನ್ಯಾಯದ ಮಾತು. ಲಕ್ಷಗಟ್ಟಲೆ ಜನ ಬರುತ್ತಾರೆ ಎಂದು ಗೊತ್ತಿದ್ದೂ ದಾರಿ, ಗೇಟು, ಸಮಯ ಯೋಚಿಸದೆ ಕರೆಯುವುದು ಅಭಿಮಾನಿಗಳ ತಪ್ಪಲ್ಲ. ತನಿಖೆ ನಡೆಸಿದ ನ್ಯಾಯಮೂರ್ತಿ ಮೈಕೆಲ್ ಕುನ್ಹಾ ಆಯೋಗ, ದೊಡ್ಡ ಜನಸಂದಣಿಗೆ ಈ ಕ್ರೀಡಾಂಗಣ ಸುರಕ್ಷಿತವಲ್ಲ ಎಂದಿತು. ಆ ವರ್ಷ ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು.

ಹಣ ಹರಿದಲ್ಲೆಲ್ಲ ಬರುವ ಕೊಳೆಯೂ ಬಂದಿದೆ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್ 2019ರಲ್ಲಿ ಫಿಕ್ಸಿಂಗ್ ಹಗರಣದಲ್ಲಿ ಮುಳುಗಿತು, ಆಟಗಾರರೇ ಬಂಧನಕ್ಕೊಳಗಾದರು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಲೀಗ್ ಮತ್ತೆ ಎದ್ದಿತು. ಎದ್ದದ್ದು ಒಳ್ಳೆಯದೇ ಆಯಿತು. 2024ರಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿ ತಂಡಗಳ ಪಂದ್ಯ ಟೈ ಆಗಿ, ಸೂಪರ್ ಓವರ್ ಟೈ ಆಗಿ, ಎರಡನೆಯದೂ ಟೈ ಆಗಿ, ಮೂರನೇ ಸೂಪರ್ ಓವರಿನಲ್ಲಿ ಹುಬ್ಬಳ್ಳಿ ಗೆದ್ದಿತು. ಈ ಆಟ ಈಗ ಎಲ್ಲಿಗೆಲ್ಲ ಹಬ್ಬಿದೆ ಎಂದರೆ, 2024ರ ವಿಶ್ವಕಪ್‌ನಲ್ಲಿ ಡಲ್ಲಾಸ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಮಣಿಸಿದ ಅಮೆರಿಕ ತಂಡದಲ್ಲಿ ಮೂರು ವಿಕೆಟ್ ಪಡೆದದ್ದು ಕರ್ನಾಟಕ ಮೂಲದ ಕುಟುಂಬದ ನೊಸ್ತುಷ್ ಕೆಂಜಿಗೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಹಿಂದಿರುಗುತ್ತಿರುವುದೂ ಟಿ20 ರೂಪದಲ್ಲೇ.

ಇಷ್ಟೆಲ್ಲ ಹೇಳಿದ ಮೇಲೆ ತಕರಾರೊಂದು ಉಳಿಯುತ್ತದೆ. ವಿಕೆಟ್ ಅಗ್ಗವಾಗಿದ್ದರಿಂದ ಆಟಕ್ಕೆ ಬಿಸಿ ಬಂತು, ನಿಜ. ಆದರೆ ಅಗ್ಗ ಬೇರೆ, ಬಿಟ್ಟಿ ಬೇರೆ. 2023ರಿಂದ ಐಪಿಎಲ್‌ನಲ್ಲಿ ‘ಇಂಪ್ಯಾಕ್ಟ್ ಪ್ಲೇಯರ್’ ನಿಯಮ ಬಂದಿದೆ. ಪಂದ್ಯದ ನಡುವೆ ಒಬ್ಬನನ್ನು ಕೂರಿಸಿ ಇನ್ನೊಬ್ಬನನ್ನು ಇಳಿಸಬಹುದು. ಬೌಲರ್ ಒಬ್ಬನ ಜಾಗಕ್ಕೆ ಪೂರ್ಣಪ್ರಮಾಣದ ಬ್ಯಾಟರ್ ಒಬ್ಬ ಹೆಚ್ಚುವರಿಯಾಗಿ ಸಿಕ್ಕಿಬಿಟ್ಟ. ಎಂಟನೇ ಕ್ರಮಾಂಕದವರೆಗೂ ಬಾರಿಸುವವರೇ ಇರುವಾಗ ಮೊದಲ ಮೂವರು ಔಟಾಗಲು ಯಾಕೆ ಅಂಜಬೇಕು? 2024ರ ಏಪ್ರಿಲ್ 15ರಂದು ಇದೇ ಚಿನ್ನಸ್ವಾಮಿಯಲ್ಲಿ ಹೈದರಾಬಾದ್ 287 ಹೊಡೆಯಿತು, ಆರ್‌ಸಿಬಿ 262 ಮಾಡಿ ಸೋತಿತು. ಒಟ್ಟು 549 ರನ್, 38 ಸಿಕ್ಸರ್. ಹನ್ನೊಂದು ದಿನ ಬಿಟ್ಟು ಪಂಜಾಬ್ ಕೋಲ್ಕತ್ತದಲ್ಲಿ 262 ರನ್ ಗುರಿಯನ್ನು ಎಂಟು ಎಸೆತ ಬಾಕಿ ಇರುವಂತೆಯೇ ಮುಟ್ಟಿತು. ದಾಖಲೆ ಪುಸ್ತಕಕ್ಕೆ ಸೊಗಸು. ನೋಡುವಾಗ ಹತ್ತನೇ ಸಿಕ್ಸರ್ ಹೊತ್ತಿಗೆ ಕೈ ಮೊಬೈಲಿನತ್ತ ಹೋಗುತ್ತದೆ.

ಅದಾದ ಎರಡು ತಿಂಗಳೊಳಗೆ ವಿಶ್ವಕಪ್ ಶುರುವಾಯಿತು, ಅಲ್ಲಿ ಈ ನಿಯಮವಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಭಾರತ 119ಕ್ಕೆ ಆಲೌಟಾಗಿಯೂ ಪಾಕಿಸ್ತಾನವನ್ನು 113ಕ್ಕೆ ಕಟ್ಟಿಹಾಕಿತು. ಬ್ರಿಜ್‌ಟೌನ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಗೆ 30 ಎಸೆತಕ್ಕೆ 30 ರನ್ ಸಾಕಿತ್ತು, ಕೈಯಲ್ಲಿ ಆರು ವಿಕೆಟ್ ಇದ್ದವು. ಪಾಂಡ್ಯ ಕ್ಲಾಸೆನ್‌ರನ್ನು ಔಟ್ ಮಾಡಿದರು, ಬೂಮ್ರಾ ಒಂದು ಓವರಿಗೆ ಎರಡೇ ರನ್ ಕೊಟ್ಟರು, ಅರ್ಷದೀಪ್ ನಾಲ್ಕು ಕೊಟ್ಟರು, ಗೆರೆಯಂಚಿನಲ್ಲಿ ಸೂರ್ಯಕುಮಾರ್ ಮಿಲ್ಲರ್ ಕ್ಯಾಚ್ ಹಿಡಿದರು. ಏಳು ರನ್ ಗೆಲುವು. 2007ರಲ್ಲಿ ಹಿಂದೆ ಸರಿದಿದ್ದ ದ್ರಾವಿಡ್ ಈ ಸಲ ಕೋಚ್ ಆಗಿ ಕಪ್ ಎತ್ತಿ ಅರಚಿದ್ದನ್ನು ನಾಡೇ ನೋಡಿತು. ಆ ಐದು ಓವರುಗಳಲ್ಲಿ ದೇಶ ನಿದ್ದೆಗೆಟ್ಟು ಕೂತದ್ದು ಬೌಲರ್‌ಗಳಿಗಾಗಿ. ನಮ್ಮದೇ ಇನ್ನೊಂದು ಪಂದ್ಯ ನೆನಪಿಸಿಕೊಳ್ಳಿ: 2019ರ ಡಿಸೆಂಬರ್ 1, ಸೂರತ್, ಮುಷ್ತಾಕ್ ಅಲಿ ಟ್ರೋಫಿ ಫೈನಲ್. ತಮಿಳುನಾಡಿಗೆ ಕೊನೆಯ ಓವರಿನಲ್ಲಿ 13 ಬೇಕಿತ್ತು. ಕೆ. ಗೌತಮ್ ಅವರ ಮೊದಲ ಎರಡು ಎಸೆತವನ್ನೂ ಅಶ್ವಿನ್ ಬೌಂಡರಿಗೆ ಅಟ್ಟಿದರು. ನಾಲ್ಕು ಎಸೆತಕ್ಕೆ ಐದು ರನ್. ಗೌತಮ್ ಕೊಡಲಿಲ್ಲ, ಕರ್ನಾಟಕ ಒಂದು ರನ್‌ನಿಂದ ಗೆದ್ದಿತು.

ಇಂಪ್ಯಾಕ್ಟ್ ನಿಯಮ ತಮಗೆ ಹಿಡಿಸಿಲ್ಲ ಎಂದು ರೋಹಿತ್ ಶರ್ಮಾ ಬಹಿರಂಗವಾಗಿಯೇ ಹೇಳಿದ್ದಾರೆ, ಕೊಹ್ಲಿ ದನಿಗೂಡಿಸಿದ್ದಾರೆ. ಮಂಡಳಿ ಮಾತ್ರ 2027ರವರೆಗೆ ಅದನ್ನು ಮುಂದುವರಿಸುವುದಾಗಿ ಹೇಳಿದೆ. ಅಷ್ಟು ಸಾಕು. 2028ರ ಐಪಿಎಲ್ ಹನ್ನೊಂದೇ ಜನರ ಆಟವಾಗಲಿ, ಹನ್ನೊಂದನೆಯವನು ಬ್ಯಾಟ್ ಹಿಡಿಯಲು ಬಾರದ ಬೌಲರೇ ಆಗಿರಲಿ.